ಒಣಗಿದ ತಂತ್ರಜ್ಞಾನ, ಚಿಗುರಿದ ಆಟ

ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳ ಲೋಕದಲ್ಲಿ ಆರೇಳು ವರ್ಷಕ್ಕೊಮ್ಮೆ ಒಂದು ಜಗಳ ತಪ್ಪದೆ ಏಳುತ್ತದೆ. ಬರಲಿರುವ ಹೊಸ ಪೆಟ್ಟಿಗೆ ಎಷ್ಟು ಶಕ್ತಿಶಾಲಿಯಾಗಿರಬೇಕು? ‘ಗೇಮ್ ಕನ್ಸೋಲ್’ ಎಂದು ಕರೆಸಿಕೊಳ್ಳುವ ಈ ಪೆಟ್ಟಿಗೆಯೊಳಗೆ ಇರುವುದು ಒಂದು ಕಂಪ್ಯೂಟರೇ. ಆಟಕ್ಕೆಂದೇ ತಯಾರಾದದ್ದು ಎಂಬುದಷ್ಟೇ ವ್ಯತ್ಯಾಸ. ಹೀಗಾಗಿ ಕಾರಿನ ಹುಚ್ಚಿನವರು ಹಾರ್ಸ್‌ಪವರ್ ಲೆಕ್ಕ ಹಾಕಿದಂತೆ ಆಟದ ಹುಚ್ಚಿನವರು ಚಿಪ್ಪಿನ ವೇಗ, ಮೆಮೊರಿಯ ಗಾತ್ರ, ಪರದೆಯ ಮೇಲೆ ಮೂಡುವ ಚುಕ್ಕಿಗಳ ಸಂಖ್ಯೆ ಇವುಗಳನ್ನು ಮುಂದಿಟ್ಟುಕೊಂಡು ವಾದಕ್ಕಿಳಿಯುತ್ತಾರೆ. ಬಲ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಎರಡೂ ಕಡೆಯವರು ಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಮಾತು. ಆದರೆ ನಾಲ್ಕು ದಶಕಗಳ ಚರಿತ್ರೆಯನ್ನು ಬಿಚ್ಚಿ ನೋಡಿದರೆ ಕಾಣುವ ಕಥೆಯೇ ಬೇರೆ. ಕಣದಲ್ಲಿದ್ದ ಅತಿ ಬಲಶಾಲಿ ಪೆಟ್ಟಿಗೆ ಮೇಲಿಂದ ಮೇಲೆ ಸೋತಿದೆ. ಸೋಲಿಸಿದ್ದು ಹಲವು ಸಲ ಹಳೆಯ, ಅಗ್ಗದ, ‘ಇದೇನು ಮಹಾ’ ಎನಿಸುವಂಥ ಯಂತ್ರ.

ಈ ಕಥೆ ಶುರುವಾಗುವುದು ಜಪಾನಿನ ಕ್ಯೋಟೋ ನಗರದ ಒಂದು ಇಸ್ಪೀಟು ಕಾರ್ಖಾನೆಯಲ್ಲಿ. ‘ನಿಂಟೆಂಡೋ’ ಎಂಬ ಕಂಪನಿ ಹುಟ್ಟಿದ್ದು 1889ರಲ್ಲಿ. ಆಗ ಅದು ತಯಾರಿಸುತ್ತಿದ್ದುದು ‘ಹನಫುದಾ’ ಎಂಬ ಹೂಚಿತ್ರದ ಎಲೆಗಳನ್ನು. 1965ರಲ್ಲಿ ಗುನ್ಪೆ ಯೊಕೊಯಿ ಎಂಬ ಎಲೆಕ್ಟ್ರಾನಿಕ್ಸ್ ಪದವೀಧರ ಅಲ್ಲಿ ಕೆಲಸಕ್ಕೆ ಸೇರಿದ. ಎಲೆ ಅಚ್ಚುಹಾಕುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಯಂತ್ರಗಳು ಕೆಡದಿದ್ದಾಗ ಅವನಿಗೆ ಕೆಲಸವಿಲ್ಲ. ಬೇಸರ ಕಳೆಯಲು ಕತ್ತರಿಯ ಹಾಗೆ ಮಡಚಿ ಚಾಚುವ ಒಂದು ಉದ್ದ ಕೈಯನ್ನು ಮಾಡಿಕೊಂಡು ಆಡುತ್ತಿದ್ದನಂತೆ. ಅದು ಕಂಪನಿಯ ಯಜಮಾನ ಹಿರೋಷಿ ಯಮೌಚಿಯ ಕಣ್ಣಿಗೆ ಬಿತ್ತು. ಬೈಗುಳ ಕಾದಿದ್ದವನಿಗೆ ಸಿಕ್ಕಿದ್ದು ‘ಇದನ್ನು ಮಾರುವ ಆಟಿಕೆಯಾಗಿ ಮಾಡು’ ಎಂಬ ಅಪ್ಪಣೆ. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ಕೈ ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಯೊಕೊಯಿ ಮತ್ತೆ ಇಸ್ಪೀಟು ಯಂತ್ರಗಳತ್ತ ತಿರುಗಿ ನೋಡಲಿಲ್ಲ.

1970ರ ದಶಕದಲ್ಲಿ ಜಪಾನಿನ ಶಾರ್ಪ್ ಮತ್ತು ಕ್ಯಾಸಿಯೋ ಕಂಪನಿಗಳು ಕ್ಯಾಲ್ಕುಲೇಟರ್ ಮಾರಾಟದಲ್ಲಿ ಹಾವು ಮುಂಗುಸಿಯಂತೆ ಕಾದಾಡಿದ್ದವು. ಆ ಜಗಳದ ಫಲವಾಗಿ ಕ್ಯಾಲ್ಕುಲೇಟರಿನ ಚಿಪ್ಪು, ಅಂಕೆ ತೋರುವ ದ್ರವಸ್ಫಟಿಕದ ಪರದೆ ಎರಡೂ ಕಡಲೆಪುರಿಯಷ್ಟು ಅಗ್ಗವಾದವು. ಒಮ್ಮೆ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಹೊತ್ತು ಹೋಗದ ಪ್ರಯಾಣಿಕನೊಬ್ಬ ಸುಮ್ಮನೆ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಯೊಕೊಯಿ ಕಂಡ. ಅದೇ ಚಿಪ್ಪು, ಅದೇ ಪರದೆ ಬಳಸಿ ಜೇಬಿನಲ್ಲಿಟ್ಟುಕೊಳ್ಳುವ ಆಟವನ್ನೇಕೆ ಮಾಡಬಾರದು? 1980ರಲ್ಲಿ ಹೊರಬಂದ ‘ಗೇಮ್ ಅಂಡ್ ವಾಚ್’ ಸರಣಿಯ ಮೂಲ ಇದು. ಅದರಲ್ಲಿ ಇದ್ದದ್ದು ಒಂದು ಪುಟ್ಟ ಆಟ, ಒಂದು ಗಡಿಯಾರ. ಸರಣಿಯ ಒಟ್ಟು ಮಾರಾಟ 4 ಕೋಟಿ 30 ಲಕ್ಷ ದಾಟಿತು.

ತನ್ನ ಈ ಕ್ರಮಕ್ಕೆ ಯೊಕೊಯಿ ಒಂದು ಹೆಸರಿಟ್ಟಿದ್ದ. ಜಪಾನಿ ಭಾಷೆಯ ಆ ಮಾತನ್ನು ಇಂಗ್ಲಿಷಿನವರು ‘ಒಣಗಿದ ತಂತ್ರಜ್ಞಾನದ ಅಡ್ಡಯೋಚನೆ’ ಎಂಬರ್ಥ ಬರುವಂತೆ ಅನುವಾದಿಸಿದ್ದಾರೆ. ‘ಒಣಗಿದ’ ಎಂದರೆ ನಮಗೆ ಸತ್ತದ್ದು ಎನಿಸುತ್ತದೆ. ಮೂಲದ ‘ಕರೆತಾ’ ಎಂಬ ಪದಕ್ಕೆ ಹಸಿತನ ಹೋಗಿ ಹದಕ್ಕೆ ಬಂದದ್ದು ಎಂಬ ಛಾಯೆಯೂ ಇದೆ. ಹೊಸ ಮರದ ಬಾಗಿಲು ಸೊಟ್ಟಗಾಗುತ್ತದೆ, ಒಣಗಿದ ಮರದ್ದು ನಿಲ್ಲುತ್ತದೆ ಎಂದು ನಮ್ಮ ಬಡಗಿಗಳು ಹೇಳುವುದಿಲ್ಲವೆ, ಹಾಗೆ. ಕನ್ನಡದಲ್ಲಿ ‘ಪಳಗಿದ’ ಎಂದರೆ ಹೆಚ್ಚು ಹತ್ತಿರವಾದೀತು. ಬಹುಕಾಲ ಬಳಸಿ ಗುಣದೋಷಗಳೆಲ್ಲ ತಿಳಿದು, ಬೆಲೆಯೂ ಇಳಿದಿರುವ ತಂತ್ರಜ್ಞಾನವನ್ನು ತೆಗೆದುಕೋ. ಅದನ್ನು ಯಾರೂ ಯೋಚಿಸದ ಕಡೆ ಬಳಸು. ಇದು ಅವನ ಸೂತ್ರ.

ಇದೇ ಕಂಪನಿ 1983ರ ಜುಲೈನಲ್ಲಿ 14,800 ಯೆನ್ ಬೆಲೆಗೆ ‘ಫ್ಯಾಮಿಕಾಮ್’ ಎಂಬ ಟೀವಿ ಪೆಟ್ಟಿಗೆಯನ್ನು ಹೊರತಂದಿತು. ಅದನ್ನು ರೂಪಿಸಿದವನು ಮಸಾಯುಕಿ ಉಎಮುರಾ ಎಂಬ ಇನ್ನೊಬ್ಬ ಎಂಜಿನಿಯರ್. ಅದರ ಮಿದುಳು 1975ರಷ್ಟು ಹಳೆಯದಾದ ಒಂದು ಚಿಪ್ಪಿನ ವಂಶಸ್ಥ. ಕೆಲಸದ ಮೆಮೊರಿ ಎರಡೇ ಎರಡು ಕಿಲೋಬೈಟ್. 1985ರಲ್ಲಿ ಅದಕ್ಕೆಂದು ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಒಟ್ಟು ಗಾತ್ರ 40 ಕಿಲೋಬೈಟ್. ಈಗ ನೀವು ಓದುತ್ತಿರುವ ಲೇಖನವನ್ನು ಯುನಿಕೋಡ್ ಕನ್ನಡದಲ್ಲಿ ಕಂಪ್ಯೂಟರಿನಲ್ಲಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಅಷ್ಟರಲ್ಲೇ ಮೂವತ್ತೆರಡು ಹಂತಗಳು, ಸಂಗೀತ, ಅಣಬೆ, ಆಮೆ, ಕೋಟೆ ಎಲ್ಲವನ್ನೂ ತುರುಕಿದ್ದರು. ಜಾಗ ಉಳಿಸಲು ಮಾಡಿದ ಉಪಾಯವೊಂದು ಸೊಗಸಾಗಿದೆ. ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಕೋಟ್ಯಂತರ ಮಕ್ಕಳು ವರ್ಷಗಟ್ಟಲೆ ಆಡಿದರೂ ಹೆಚ್ಚಿನವರಿಗೆ ಇದು ಹೊಳೆಯಲಿಲ್ಲ.

ಫ್ಯಾಮಿಕಾಮ್ ನಮ್ಮ ದೇಶಕ್ಕೆ ಬಂದದ್ದು ಬಹುಪಾಲು ಕಳ್ಳನಕಲಿನ ರೂಪದಲ್ಲಿ. 1990ರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಟೀವಿ ಗೇಮ್’ ಎಂದು ಮಾರಾಟವಾದ, ಹಳದಿ ಬಣ್ಣದ ‘ಕ್ಯಾಸೆಟ್’ ಸಿಕ್ಕಿಸಿ ಆಡುವ ಪೆಟ್ಟಿಗೆಗಳು ಇದರ ಪಡಿಯಚ್ಚುಗಳು. ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ಬರೆದಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯವು, ಮತ್ತೆ ಮತ್ತೆ ಬೇರೆ ಹೆಸರಿನಲ್ಲಿ. ಜಪಾನಿನಲ್ಲಿ ಅದರ ಮುಂದಿನ ಪೀಳಿಗೆಯೂ ಹಳತಾಗುತ್ತಿದ್ದ ಕಾಲಕ್ಕೆ ಇಲ್ಲಿ ಅದು ಹೊಸ ಸೋಜಿಗ. ಚಿಪ್ಪು ಅಷ್ಟು ಸರಳವೂ ಅಗ್ಗವೂ ಆಗಿದ್ದರಿಂದಲೇ ಅದು ಅಷ್ಟು ಸಲೀಸಾಗಿ ನಕಲಾಯಿತು, ಸಣ್ಣ ಊರಿನ ಮಧ್ಯಮ ವರ್ಗದ ಮನೆಯನ್ನೂ ಮುಟ್ಟಿತು.

ಇನ್ನು ಯೊಕೊಯಿಯ ದೊಡ್ಡ ಪರೀಕ್ಷೆ. 1989ರ ಏಪ್ರಿಲ್‌ನಲ್ಲಿ ಅವನ ತಂಡ ‘ಗೇಮ್ ಬಾಯ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಹೊರತಂದಿತು. ನೋಡಲು ಬೂದುಬಣ್ಣದ ಇಟ್ಟಿಗೆ. ಪರದೆಯಲ್ಲಿ ಬಣ್ಣವಿಲ್ಲ, ಪಾಚಿಯ ಹಸಿರಿನ ನಾಲ್ಕು ಛಾಯೆಗಳು ಮಾತ್ರ. ಪರದೆಯ ಹಿಂದೆ ಬೆಳಕೂ ಇಲ್ಲ. ಕಿಟಕಿಯ ಪಕ್ಕವೋ ದೀಪದ ಕೆಳಗೋ ಕುಳಿತು ಆಡಬೇಕು. ಅದೇ ವರ್ಷ ಅಟಾರಿ ಕಂಪನಿಯ ‘ಲಿಂಕ್ಸ್’ ಬಂತು, ಮರುವರ್ಷ ಸೆಗಾ ಕಂಪನಿಯ ‘ಗೇಮ್ ಗೇರ್’. ಎರಡರಲ್ಲೂ ಬಣ್ಣದ ಪರದೆ, ಹಿಂದಿನಿಂದ ಬೆಳಕು, ಹೆಚ್ಚು ಬಲ. ಪಕ್ಕಪಕ್ಕದಲ್ಲಿಟ್ಟರೆ ಗೇಮ್ ಬಾಯ್ ಬಡಪಾಯಿಯಂತೆ ಕಾಣುತ್ತಿತ್ತು. ಎದುರಾಳಿಯೊಂದು ಬರುತ್ತಿದೆಯೆಂದು ಸಹೋದ್ಯೋಗಿಯೊಬ್ಬ ಗಾಬರಿಯಿಂದ ಸುದ್ದಿ ತಂದಾಗ ಯೊಕೊಯಿ ಕೇಳಿದ್ದು ಒಂದೇ ಪ್ರಶ್ನೆ: ಅದರ ಪರದೆ ಬಣ್ಣದ್ದೋ, ಕಪ್ಪು-ಬಿಳುಪಿನದೋ? ಬಣ್ಣದ್ದು ಎಂದಾಗ, ಹಾಗಾದರೆ ಚಿಂತೆಯಿಲ್ಲ ಎಂದನಂತೆ.

ಅವನ ನೆಮ್ಮದಿಯ ಹಿಂದೆ ಇದ್ದದ್ದು ಪೆನ್ಸಿಲ್ ಸೆಲ್ಲಿನ ಲೆಕ್ಕ. ಲಿಂಕ್ಸ್ ಮತ್ತು ಗೇಮ್ ಗೇರ್ ಎರಡಕ್ಕೂ ಆರಾರು ಸೆಲ್ ಬೇಕು. ಅವು ನಾಲ್ಕೈದು ಗಂಟೆಯಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ ಮುಗಿದುಹೋಗುತ್ತಿದ್ದವು. ಪರದೆಯ ಹಿಂದಿನ ದೀಪವೇ ಮುಖ್ಯ ಹೊಟ್ಟೆಬಾಕ. ಗೇಮ್ ಬಾಯ್‌ಗೆ ನಾಲ್ಕು ಸೆಲ್ ಸಾಕು, ಹತ್ತು ಹದಿನೈದು ಗಂಟೆಗೆ ಮೋಸವಿಲ್ಲ. ಜೇಬುಖರ್ಚಿನ ಹಣದಲ್ಲಿ ಸೆಲ್ ಕೊಳ್ಳುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಗೇಮ್ ಬಾಯ್ ಬೆಲೆ 90 ಡಾಲರ್, ಲಿಂಕ್ಸಿನದು ಅದರ ಎರಡರಷ್ಟು. ಬಲ ಎಂಬುದಕ್ಕೆ ಮಕ್ಕಳ ಲೋಕದಲ್ಲಿ ಎರಡು ಅರ್ಥಗಳಿವೆ ಎಂಬುದನ್ನು ಪ್ರತಿಸ್ಪರ್ಧಿಗಳು ಮರೆತಿದ್ದರು. ಪರದೆಯ ಮೇಲೆ ಎಷ್ಟು ಬಣ್ಣ ಎಂಬುದು ಒಂದು. ಅಜ್ಜಿಯ ಊರು ತಲುಪುವವರೆಗೆ ಆಡಬಹುದೇ ಎಂಬುದು ಇನ್ನೊಂದು.

ಅಮೆರಿಕದಲ್ಲಿ ಈ ಯಂತ್ರದ ಜೊತೆ ಉಚಿತವಾಗಿ ಕೊಟ್ಟ ಆಟ ‘ಟೆಟ್ರಿಸ್’. ಅದರ ಹುಟ್ಟೂ ಇಲ್ಲಿ ಹೇಳಬೇಕಾದದ್ದೇ. 1980ರ ದಶಕದ ನಡುವೆ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಅದನ್ನು ಬರೆದದ್ದು ‘ಎಲೆಕ್ಟ್ರಾನಿಕಾ 60’ ಎಂಬ ಯಂತ್ರದಲ್ಲಿ. ಆ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಲೇ ಇರಲಿಲ್ಲ. ಅಕ್ಷರ, ಚಿಹ್ನೆಗಳನ್ನಷ್ಟೇ ತೋರಿಸಬಲ್ಲದಾಗಿತ್ತು. ಆತ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆಯ ತುಂಡುಗಳನ್ನು ಮಾಡಿ ಮೇಲಿನಿಂದ ಬೀಳಿಸಿದ. ಚಿತ್ರವೇ ಬಾರದ ಯಂತ್ರದಲ್ಲಿ ಹುಟ್ಟಿದ ಆಟಕ್ಕೆ ಬಣ್ಣವಿಲ್ಲದ ಪರದೆ ಯಾವ ಲೆಕ್ಕ? ಗೇಮ್ ಬಾಯ್ ಮತ್ತು ಅದರ ನಂತರದ ಬಣ್ಣದ ರೂಪ ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಗೇಮ್ ಗೇರ್ ಒಂದು ಕೋಟಿಯ ಆಸುಪಾಸಿನಲ್ಲೇ ನಿಂತಿತು. 1996ರಲ್ಲಿ, ಯಂತ್ರಕ್ಕೆ ಏಳು ವರ್ಷ ವಯಸ್ಸಾಗಿ ಎಲ್ಲರೂ ಅದರ ಕಥೆ ಮುಗಿಯಿತೆಂದುಕೊಂಡಿದ್ದಾಗ, ಇದೇ ಹಳೆಯ ಪರದೆಯ ಮೇಲೆ ‘ಪೊಕೆಮಾನ್’ ಹುಟ್ಟಿತು.

ಇದೇ ಕಾಲದಲ್ಲಿ ಟೀವಿ ಪೆಟ್ಟಿಗೆಗಳ ಜಗತ್ತಿನಲ್ಲಿ ‘ಬಿಟ್’ ಯುದ್ಧ ನಡೆದಿತ್ತು. ನಿಮ್ಮದು 8 ಬಿಟ್, ನಮ್ಮದು 16 ಬಿಟ್ ಎಂದು ಸೆಗಾ ಕೊಚ್ಚಿಕೊಂಡಿತು. 1993ರಲ್ಲಿ ಅಟಾರಿ ತನ್ನ ‘ಜಾಗ್ವಾರ್’ ಪೆಟ್ಟಿಗೆ 64 ಬಿಟ್‌ನದು ಎಂದು ಡಂಗುರ ಸಾರಿತು. ಅದೇ ವರ್ಷ ‘3ಡಿಓ’ ಎಂಬ ಯಂತ್ರ 700 ಡಾಲರ್ ಬೆಲೆ ಹೊತ್ತು ಬಂತು. ಎರಡೂ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು.

ಹಾಗೆಂದು ಬಲ ಬೇಡವೇ ಬೇಡ ಎನ್ನುವುದು ತಪ್ಪಾದೀತು. 1990ರ ದಶಕದ ನಡುವೆ ಆಟಗಳು ಚಪ್ಪಟೆ ಚಿತ್ರದಿಂದ ಮೂರು ಆಯಾಮದ ಲೋಕಕ್ಕೆ ಜಿಗಿದದ್ದು ಚಿಪ್ಪುಗಳ ಬಲದಿಂದಲೇ. ಹಳೆಯ ಪೆಟ್ಟಿಗೆಯಲ್ಲಿ ಎಷ್ಟೇ ಜಾಣತನ ಮಾಡಿದರೂ ಅದು ಆಗುತ್ತಿರಲಿಲ್ಲ. ಆದರೆ ಆ ಜಿಗಿತದಲ್ಲೂ ಗೆದ್ದದ್ದು ಯಾರು? 1994ರ ಡಿಸೆಂಬರಿನಲ್ಲಿ ಬಂದ ಸೋನಿಯ ‘ಪ್ಲೇಸ್ಟೇಷನ್’. ಎರಡು ಮಿದುಳುಗಳನ್ನು ಇಟ್ಟುಕೊಂಡಿದ್ದ ಸೆಗಾದ ‘ಸ್ಯಾಟರ್ನ್’ ಪ್ರೋಗ್ರಾಂ ಬರೆಯುವವರ ತಲೆ ತಿಂದಿತು. 1996ರ ‘ನಿಂಟೆಂಡೋ 64’ರ ಚಿಪ್ಪು ಪ್ಲೇಸ್ಟೇಷನ್ನಿನದಕ್ಕಿಂತ ಎಷ್ಟೋ ಪಾಲು ವೇಗದ್ದು. ಆದರೆ ಅದು ದುಬಾರಿ ಕ್ಯಾಸೆಟ್ಟಿಗೇ ಅಂಟಿಕೊಂಡಿತು. ದೊಡ್ಡ ಕ್ಯಾಸೆಟ್ ಎಂದರೂ 64 ಮೆಗಾಬೈಟ್. ಒಂದು ಸೀಡಿ ಅದರ ಹತ್ತರಷ್ಟು ಹಿಡಿಯುತ್ತಿತ್ತು, ಅಚ್ಚುಹಾಕಲೂ ಅಗ್ಗ. ಅಲ್ಲಿಯವರೆಗೆ ನಿಂಟೆಂಡೋ ಮನೆಯಲ್ಲೇ ಬೆಳೆದಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೆಯ ಆಟ 1997ರಲ್ಲಿ ಮೂರು ಸೀಡಿಗಳಲ್ಲಿ ಪ್ಲೇಸ್ಟೇಷನ್ನಿಗೆ ಹೋಯಿತು. ಪ್ಲೇಸ್ಟೇಷನ್ 10 ಕೋಟಿ ದಾಟಿತು, ನಿಂಟೆಂಡೋ 64 ಮೂರು ಕೋಟಿ ಚಿಲ್ಲರೆ. ನಂತರದ ಸುತ್ತಿನಲ್ಲೂ ಹೀಗೆಯೇ. 2000ದಲ್ಲಿ ಬಂದ ‘ಪ್ಲೇಸ್ಟೇಷನ್ 2’ ತನ್ನ ಎದುರಾಳಿಗಳಾದ ‘ಎಕ್ಸ್‌ಬಾಕ್ಸ್’ ಮತ್ತು ‘ಗೇಮ್‌ಕ್ಯೂಬ್’ಗಳಿಗಿಂತ ಬಲದಲ್ಲಿ ಕಡಿಮೆ. ಅದು ಡಿವಿಡಿ ಸಿನಿಮಾವನ್ನೂ ತೋರಿಸುತ್ತಿತ್ತು. 15 ಕೋಟಿ ಮನೆಗಳನ್ನು ಹೊಕ್ಕಿತು.

ಗೆಲುವಿನ ಮೇಲೆ ಗೆಲುವು ಕಂಡವರಿಗೆ ತಲೆ ತಿರುಗುವುದು ಸಹಜ. ಪ್ಲೇಸ್ಟೇಷನ್ನಿನ ಜನಕ ಕೆನ್ ಕುತರಾಗಿ ಮೂರನೆಯದನ್ನು ಸೂಪರ್ ಕಂಪ್ಯೂಟರಿನಂತೆ ಕಟ್ಟಲು ಹೊರಟ. ಸೋನಿ, ತೋಷಿಬಾ, ಐಬಿಎಂ ಮೂರೂ ಸೇರಿ ಸುಮಾರು 40 ಕೋಟಿ ಡಾಲರ್ ಹೂಡಿ ‘ಸೆಲ್’ ಎಂಬ ಚಿಪ್ಪನ್ನು ಸೃಷ್ಟಿಸಿದವು. (ಪೆನ್ಸಿಲ್ ಸೆಲ್ಲಿಗೂ ಇದಕ್ಕೂ ನಂಟಿಲ್ಲ. ಆ ಸೆಲ್ ಹಣ ಉಳಿಸಿತು, ಈ ಸೆಲ್ ಕಳೆಯಿತು.) 2006ರ ನವೆಂಬರಿನಲ್ಲಿ ಬಂದ ‘ಪ್ಲೇಸ್ಟೇಷನ್ 3’ರ ದೊಡ್ಡ ಮಾದರಿಗೆ 599 ಡಾಲರ್. ಹೆಚ್ಚು ಹೊತ್ತು ದುಡಿದಾದರೂ ಇದನ್ನು ಕೊಳ್ಳಬೇಕೆಂದು ಜನರಿಗೆ ಅನಿಸಬೇಕು ಎಂಬರ್ಥದ ಮಾತನ್ನು ಕುತರಾಗಿ ಆಡಿದ್ದ. ಮಜಾ ಎಂದರೆ, ಅದನ್ನು ಬಿಚ್ಚಿ ಲೆಕ್ಕ ಹಾಕಿದ ‘ಐಸಪ್ಲೈ’ ಸಂಸ್ಥೆಯ ಅಂದಾಜಿನಂತೆ ಆ ಮಾದರಿಯನ್ನು ತಯಾರಿಸುವುದಕ್ಕೇ 840 ಡಾಲರ್ ತಗಲುತ್ತಿತ್ತು. ಪೆಟ್ಟಿಗೆಯನ್ನು ನಷ್ಟಕ್ಕೆ ಮಾರಿ ಆಟಗಳಲ್ಲಿ ಲಾಭ ತೆಗೆಯುವುದು ಈ ವ್ಯಾಪಾರದ ಹಳೆಯ ಪದ್ಧತಿ, ನಿಜ. ಆದರೆ ಆ ಹಣಕಾಸು ವರ್ಷದಲ್ಲಿ ಸೋನಿಯ ಆಟದ ವಿಭಾಗದ ನಷ್ಟ 23 ಸಾವಿರ ಕೋಟಿ ಯೆನ್ ಮೀರಿತು. ಸೆಲ್ ಚಿಪ್ಪಿನ ಬಲವನ್ನು ಮನಸಾರೆ ಮೆಚ್ಚಿದವರಲ್ಲಿ ಅಮೆರಿಕದ ವಾಯುಪಡೆಯೂ ಒಂದು. 2010ರಲ್ಲಿ ಅದು 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳನ್ನು ಒಟ್ಟಿಗೆ ಪೋಣಿಸಿ ನಿಜವಾಗಿಯೂ ಸೂಪರ್ ಕಂಪ್ಯೂಟರ್ ಮಾಡಿಕೊಂಡಿತು. ಆಟ ಬರೆಯುವವರು ಮಾತ್ರ ಆ ಚಿಪ್ಪನ್ನು ಪಳಗಿಸಲು ವರ್ಷಗಟ್ಟಲೆ ಬೆವರು ಸುರಿಸಬೇಕಾಯಿತು.

ಅದೇ 2006ರ ನವೆಂಬರಿನಲ್ಲಿ ನಿಂಟೆಂಡೋ 250 ಡಾಲರಿಗೆ ‘ವೀ’ ಎಂಬ ಪೆಟ್ಟಿಗೆಯನ್ನು ತಂದಿತು. ಬಲದಲ್ಲಿ ಅದು ಹಳೆಯ ಗೇಮ್‌ಕ್ಯೂಬ್‌ನ ತಮ್ಮನಂತಿತ್ತು. ಹೈ ಡೆಫಿನಿಷನ್ ಚಿತ್ರವೂ ಇಲ್ಲ. ಹೊಸದಾಗಿದ್ದುದು ಕೈಯಲ್ಲಿ ಹಿಡಿದು ಬೀಸುವ ರಿಮೋಟ್. ಕೈ ಎತ್ತ ಬೀಸಿತು ಎಂದು ಅದಕ್ಕೆ ತಿಳಿಸುತ್ತಿದ್ದುದು ಚಲನೆಯನ್ನು ಗ್ರಹಿಸುವ ಒಂದು ಪುಟ್ಟ ಬಿಡಿಭಾಗ. ಕಾರು ಡಿಕ್ಕಿಯಾದಾಗ ಗಾಳಿಚೀಲ ಬಿಚ್ಚಿಕೊಳ್ಳಲು ಅಂಥದೇ ಬಿಡಿಭಾಗವನ್ನು ಕಾರು ತಯಾರಕರು ಬಹಳ ಹಿಂದಿನಿಂದ ಬಳಸುತ್ತಿದ್ದರು. ಪಳಗಿದ ತಂತ್ರಜ್ಞಾನ, ಹೊಸ ಜಾಗ. ಸೋಫಾದ ಮೇಲೆ ಕೂತಿದ್ದ ಅಜ್ಜ ಅಜ್ಜಿಯರೂ ಎದ್ದು ನಿಂತು ಟೆನಿಸ್ ಆಡಿದರು. ವೀ 10 ಕೋಟಿ ದಾಟಿತು.

ಈ ಮಾತನ್ನು ಮಂತ್ರ ಮಾಡಿಕೊಳ್ಳುವಂತೆಯೂ ಇಲ್ಲ. 2012ರ ‘ವೀ ಯು’ ಕೂಡ ದುರ್ಬಲ ಪೆಟ್ಟಿಗೆಯೇ. ಒಂದೂವರೆ ಕೋಟಿಯನ್ನೂ ಮುಟ್ಟದೆ ಸೋತಿತು. ಅದು ಯಾರಿಗಾಗಿ, ಯಾತಕ್ಕಾಗಿ ಎಂಬುದೇ ಗಿರಾಕಿಗಳಿಗೆ ತಿಳಿಯಲಿಲ್ಲ. 2013ರಲ್ಲಿ ‘ಪ್ಲೇಸ್ಟೇಷನ್ 4’ ಎದುರಾಳಿ ‘ಎಕ್ಸ್‌ಬಾಕ್ಸ್ ಒನ್’ಗಿಂತ ಬಲಶಾಲಿಯಾಗಿದ್ದೇ ಗೆದ್ದಿತು. ಅದು ನೂರು ಡಾಲರ್ ಅಗ್ಗವೂ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಯೊಕೊಯಿ ತಾನೇ 1995ರಲ್ಲಿ ‘ವರ್ಚುವಲ್ ಬಾಯ್’ ಎಂಬ, ಕಣ್ಣಿಗೆ ಒತ್ತಿಟ್ಟು ಕೆಂಪು ಬಣ್ಣದಲ್ಲಷ್ಟೇ ನೋಡುವ ಯಂತ್ರ ಮಾಡಿ ಮುಗ್ಗರಿಸಿದ್ದ. ಅದು ಎಂಟು ಲಕ್ಷವೂ ಹೋಗಲಿಲ್ಲ. ಬೇಡದ ಕಡೆ ಇಟ್ಟರೆ ಒಣಗಿದ ಕಟ್ಟಿಗೆಯೂ ಮನೆಗೆ ಭಾರವೇ.

ಬಲದ ಬೆಲೆಯನ್ನು ಕೊಳ್ಳುವವನು ಕೌಂಟರಿನಲ್ಲಿ ತೆರುವುದು ಒಂದು ಪಾಲು ಮಾತ್ರ. ಪೆಟ್ಟಿಗೆ ಬಲಿಷ್ಠವಾದಂತೆ ಅದನ್ನು ತುಂಬಲು ಬೇಕಾದ ಕೂಲಿಯೂ ಬೆಳೆಯುತ್ತದೆ. ಮೋಡವನ್ನೇ ಪೊದೆ ಮಾಡಿ ದಾಟಿಸುವ ಕಾಲ ಹೋಯಿತು. ಈಗ ಪೊದೆಯ ಎಲೆಎಲೆಯೂ ಗಾಳಿಗೆ ಬೇರೆ ಬೇರೆಯಾಗಿ ಅಲ್ಲಾಡಬೇಕು. ಹಾಗೆ ಅಲ್ಲಾಡಿಸಲು ಯಾರೋ ಕೂತು ಎಲೆ ಬಿಡಿಸಬೇಕು. ಇದರ ಖರ್ಚನ್ನು ಕಂಪನಿಗಳು ಗುಟ್ಟಾಗಿಡುತ್ತವೆ. ಆದರೆ 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಕೆಯಾದ ಸೋನಿಯ ಕಾಗದಪತ್ರದಲ್ಲಿ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಪೆನ್ನು ಎಳೆದಿದ್ದರೂ ಸ್ಕ್ಯಾನ್ ಮಾಡಿದಾಗ ಅವು ಇಣುಕಿಬಿಟ್ಟವು. ‘ದ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗಕ್ಕೆ 22 ಕೋಟಿ ಡಾಲರ್. ‘ಹೊರೈಜನ್ ಫರ್ಬಿಡನ್ ವೆಸ್ಟ್’ ಆಟಕ್ಕೆ 21 ಕೋಟಿ ಡಾಲರ್, ಮುನ್ನೂರು ಮಂದಿ, ಐದು ವರ್ಷ. 2024ರ ಫೆಬ್ರುವರಿಯಲ್ಲಿ ಸೋನಿ ತನ್ನ ಆಟದ ವಿಭಾಗದಿಂದ ಸುಮಾರು 900 ಮಂದಿಯನ್ನು ಮನೆಗೆ ಕಳಿಸಿತು. ಈ ಎರಡು ಆಟಗಳನ್ನು ಕಟ್ಟಿದ ಸ್ಟುಡಿಯೋಗಳಲ್ಲೂ ಜನ ಕೆಲಸ ಕಳೆದುಕೊಂಡರು.

ಈ ಎಲೆ ಬಿಡಿಸುವ ಕೂಲಿಯ ಒಂದು ಪಾಲು ನಮ್ಮ ಬೆಂಗಳೂರಿಗೂ ಬಂದಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಸ್ಥಾಪಿಸಿದ ‘ಧ್ರುವ ಇಂಟರಾಕ್ಟಿವ್’ ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಮುಂದೆ ಅದು ಮೈಕ್ರೋಸಾಫ್ಟಿನ ‘ಫೋರ್ಜಾ’ ಕಾರು ಪಂದ್ಯದ ಆಟಗಳೂ ಸೇರಿ ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಗೆಲಸ ಮಾಡಿಕೊಡುವುದರಲ್ಲಿ ಹೆಸರು ಮಾಡಿತು. 2019ರಲ್ಲಿ ಅದನ್ನು ‘ಗ್ರ್ಯಾಂಡ್ ಥೆಫ್ಟ್ ಆಟೋ’ ಖ್ಯಾತಿಯ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಯೊಂದಿಗೆ ಸೇರಿಸಿಕೊಂಡಿತು. ಮುಂದಿನ ಪೆಟ್ಟಿಗೆಗೆ ಇನ್ನಷ್ಟು ಬಲವಿರಲಿ ಎಂದು ಕೇಳುವುದೆಂದರೆ, ಪರದೆಯ ಮೇಲಿನ ಕಾರಿನ ಸೀಟಿಗೆ ಇನ್ನಷ್ಟು ಹೊಲಿಗೆ ಹಾಕುವ ಕೆಲಸವನ್ನು ಇಲ್ಲಿನ ಯಾವುದೋ ಮೇಜಿನ ಮೇಲೆ ಹೇರುವುದೂ ಹೌದು. ಅದರಿಂದ ಉದ್ಯೋಗ ಬರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಐದಾರು ವರ್ಷಕ್ಕೊಂದು ಆಟ, ಅದೂ ಗೆದ್ದರೆ ಮಾತ್ರ ಉಳಿವು ಎಂಬ ಜೂಜಿನ ಉದ್ಯೋಗ ಅದು.

ಇನ್ನೊಂದು ಹಳೆಯ ನಂಬಿಕೆಯೂ ಈಗ ಮುರಿದಿದೆ. ಮೊದಲು ದುಬಾರಿ ಪೆಟ್ಟಿಗೆ ಬಂದರೂ ಮೂರ್ನಾಲ್ಕು ವರ್ಷ ಕಾದರೆ ಚಿಪ್ಪು ಕುಗ್ಗಿ ಬೆಲೆ ಇಳಿಯುತ್ತಿತ್ತು. 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2 2009ರ ಹೊತ್ತಿಗೆ 99 ಡಾಲರಿಗೆ ಸಿಗುತ್ತಿತ್ತು. ತಡವಾಗಿ ಕೊಳ್ಳುವ ಬಡವನೂ ಕೊನೆಗೆ ಆಟಕ್ಕೆ ಬಂದು ಸೇರುತ್ತಿದ್ದ. 2020ರಲ್ಲಿ 499 ಡಾಲರಿಗೆ ಬಂದ ‘ಪ್ಲೇಸ್ಟೇಷನ್ 5’ ಐದು ವರ್ಷದ ಬಳಿಕ, 2025ರ ಆಗಸ್ಟಿನಲ್ಲಿ, ಅಮೆರಿಕದಲ್ಲಿ 549 ಡಾಲರಿಗೆ ಏರಿತು. ಚಿಪ್ಪು ಕುಗ್ಗಿಸುವುದು ಈಗ ಮೊದಲಿನಷ್ಟು ಅಗ್ಗದ ಕೆಲಸವಲ್ಲ; ತೆರಿಗೆ, ಹಣದುಬ್ಬರ ಬೇರೆ.

ನಿಂಟೆಂಡೋ 2017ರಲ್ಲಿ ತಂದ ‘ಸ್ವಿಚ್’ ಎರಡು ವರ್ಷ ಹಳೆಯ ಚಿಪ್ಪಿನ ಮೇಲೆ ನಿಂತು 15 ಕೋಟಿ ದಾಟಿತು. 2025ರ ಜೂನ್‌ನಲ್ಲಿ ಬಂದ ‘ಸ್ವಿಚ್ 2’ ಸಾಕಷ್ಟು ಬಲಿಷ್ಠ, ಬಂದಾಗ ಅದರ ಬೆಲೆ 450 ಡಾಲರ್ ಇತ್ತು. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆಗೆ ಕಂಪನಿಯ ಅಧಿಕೃತ ಉತ್ತರ: ಸುಮಾರು ಎರಡರಿಂದ ಆರೂವರೆ ಗಂಟೆ. ಭಾರೀ ಆಟವಾದರೆ ಹಿಂದಿನ ಲಿಂಕ್ಸ್, ಗೇಮ್ ಗೇರ್‌ಗಳ ಲೆಕ್ಕಕ್ಕೇ ಬಂದು ನಿಂತಂತಾಯಿತು.

ಯೊಕೊಯಿ ತಾನು ಕೊನೆಯದಾಗಿ ಕೊಟ್ಟ ಉತ್ತರ ಬೇರೆ ಇತ್ತು. 1996ರಲ್ಲಿ ನಿಂಟೆಂಡೋ ಬಿಟ್ಟು ಹೊರಬಂದ ಆತ ತನ್ನದೇ ಸಣ್ಣ ಕಂಪನಿ ಕಟ್ಟಿ, ಬಂಡಾಯ್ ಎಂಬ ಆಟಿಕೆ ಕಂಪನಿಗಾಗಿ ಹೊಸ ಯಂತ್ರವೊಂದರ ವಿನ್ಯಾಸಕ್ಕೆ ಕೈಹಾಕಿದ. 1997ರ ಅಕ್ಟೋಬರ್ 4ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಯಂತ್ರ ಹೊರಬಂದದ್ದು 1999ರ ಮಾರ್ಚಿನಲ್ಲಿ, ‘ವಂಡರ್‌ಸ್ವಾನ್’ ಎಂಬ ಹೆಸರಿನಲ್ಲಿ. ಪರದೆ ಕಪ್ಪು-ಬಿಳುಪು, ಬೆಲೆ 4,800 ಯೆನ್. ಅದಕ್ಕೆ ಬೇಕಾಗಿದ್ದುದು ಒಂದೇ ಒಂದು ಪೆನ್ಸಿಲ್ ಸೆಲ್. ಅದರೊಂದಿಗೆ ಬಿಡುಗಡೆಯಾದ, ಗೆರೆಗಳನ್ನು ಜೋಡಿಸುವ ಒಗಟಿನ ಆಟಕ್ಕೆ ಅವನ ಹೆಸರನ್ನೇ ಇಟ್ಟಿದ್ದರು: ‘ಗುನ್ಪೆ’.